ಬ್ರೇಕ್ ಪೈಪಿನ ಬಾಯಿ

"ಇನ್ನೊಂದು ಸುತ್ತು ಬಿಗಿ ಮಾಡು, ನಿಲ್ಲುತ್ತೆ," ಎಂದರು ಮಾವ.

ಶಾಲೆಯ ವ್ಯಾನಿನ ಅಡಿಯಲ್ಲಿ ಅಂಗಾತ ಮಲಗಿದ್ದ ಅವಳು ಸ್ಪ್ಯಾನರ್ ಎತ್ತಲಿಲ್ಲ. ಮೇಲೆ ಕೂತಿದ್ದ ಡ್ರೈವರ್ ಬ್ರೇಕ್ ತುಳಿದ. ಪೈಪಿನ ನಟ್ಟಿನ ಬುಡದಲ್ಲಿ ಎಣ್ಣೆ ಜಿನುಗಿ, ಹನಿಗಟ್ಟಿ, ಅವಳ ಮಣಿಕಟ್ಟಿನ ಮೇಲೆ ಬಿತ್ತು.

"ಆಗಲೇ ಎರಡು ಸಲ ಬಿಗಿ ಮಾಡಿದ್ದೀನಿ ಮಾವ. ಇನ್ನೂ ತಿರುಗಿಸಿದ್ರೆ ಬಾಯಿ ಸೀಳಿಬಿಡುತ್ತೆ."

ಅವಳಿಗೆ ಈ ಕೆಲಸ ಕಲಿಸಿದ್ದು ಈ ಸೋದರಮಾವನೇ. ಪೈಪನ್ನು ನೇರವಾಗಿ ಕತ್ತರಿಸಬೇಕು, ಅರ ಹಾಕಿ ತುದಿ ನಯ ಮಾಡಬೇಕು, ನಟ್ಟನ್ನು ಮರೆಯದೆ ಮೊದಲೇ ತೂರಿಸಬೇಕು. ಆಮೇಲೆ ಅಚ್ಚಿನಲ್ಲಿ ಹಿಡಿದು, ತುದಿಗೆ ಲೋಹದ ಗುಂಡಿ ಕೂರಿಸಿ, ತಿರುಪಿನಿಂದ ಒತ್ತಿ ಅಂಚನ್ನು ಒಳಕ್ಕೆ ಮಡಿಸಿ, ಆ ಜೋಡಿ ಮಡಿಕೆಯನ್ನು ಅಗಲಕ್ಕೆ ಅರಳಿಸಬೇಕು. ಫ್ಲೇರ್ ಎಂದರೆ ಇಷ್ಟೇ. ಎಣ್ಣೆಯನ್ನು ತಡೆಯುವುದು ನಟ್ಟಲ್ಲ; ಅರಳಿದ ಬಾಯಿ ಎದುರಿನ ಲೋಹಕ್ಕೆ ಸುತ್ತಲೂ ಸಮನಾಗಿ ಕೂತರೆ ಅದೇ ತಡೆಯುತ್ತದೆ. ನಟ್ಟು ಅದನ್ನು ಒತ್ತಿ ಹಿಡಿದಿರುತ್ತದೆ, ಅಷ್ಟೆ. "ಸೊಟ್ಟ ಬಾಯಿಗೆ ಸ್ಪ್ಯಾನರ್ ಮದ್ದಲ್ಲ" ಎಂದು ಸಾವಿರ ಸಲ ಹೇಳಿದ ಮನುಷ್ಯ ಈಗ ಬಿಗಿ ಮಾಡು ಅನ್ನುತ್ತಿದ್ದರು.

ಯಾಕೆಂದು ಅವಳಿಗೆ ಗೊತ್ತಿತ್ತು. ಮಾವನ ಕಣ್ಣಿಗೆ ಪೊರೆ ಬಂದು ಆರು ತಿಂಗಳಾಗಿತ್ತು. ಅಚ್ಚಿನ ಗುಂಡಿ ನೆಟ್ಟಗೆ ಕೂತಿದೆಯೋ ವಾಲಿದೆಯೋ ಅವರಿಗೆ ಕಾಣುತ್ತಿರಲಿಲ್ಲ. ಅವರು ಊಟಕ್ಕೆ ಎದ್ದಾಗ ಇವಳು ಅವರ ಫ್ಲೇರ್‌ಗಳನ್ನು ಕತ್ತರಿಸಿ ಹೊಸದು ಮಾಡಿಡುತ್ತಿದ್ದಳು. ಯಾರ ಮುಂದೆಯೂ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಇವತ್ತು ಮಾವ ಊಟಕ್ಕೆ ಎದ್ದಿರಲಿಲ್ಲ; ಅವರು ಮಾಡಿದ ಫ್ಲೇರೇ ವ್ಯಾನಿಗೆ ಹೋಗಿತ್ತು. ಬಾಯಿಬಿಟ್ಟರೆ ಅವರ ಅನ್ನ ಹೋಗುತ್ತದೆ, ಬಿಡದಿದ್ದರೆ ಇಪ್ಪತ್ತೆರಡು ಮಕ್ಕಳು ಈ ವ್ಯಾನು ಹತ್ತುತ್ತವೆ. ಇಂಥ ಇಕ್ಕಟ್ಟಿಗೆ ತನ್ನನ್ನು ತಂದು ನಿಲ್ಲಿಸಿದ್ದಕ್ಕೆ ಮಾವನ ಮೇಲೆ ಅವಳಿಗೆ ಕೆಟ್ಟ ಸಿಟ್ಟು ಬಂತು.

ಶೆಡ್ಡಿನ ಮಾಲೀಕ ಗಡಿಯಾರ ನೋಡಿಕೊಳ್ಳುತ್ತ ಬಂದ. "ಏನಮ್ಮಾ, ಮುಗೀತಾ? ಮೂರು ಗಂಟೆಗೆ ಮಕ್ಕಳು ಗೇಟಲ್ಲಿ ನಿಂತಿರ್ತವೆ."

"ಸೋರ್ತಾ ಇದೆ ಸಾರ್."

"ಮೇಸ್ತ್ರಿ ಸರಿ ಇದೆ ಅಂತಿದಾರಲ್ಲ. ನೀನು ಅಂಬೆಗಾಲಿಡೋ ಕಾಲದಿಂದ ಪೈಪ್ ಮಾಡ್ತಿದಾರೆ ಅವರು."

"ಅದು ಎಣ್ಣೆಗೆ ಗೊತ್ತಿಲ್ಲ."

ಡ್ರೈವರ್ ನಕ್ಕ. ಮಾಲೀಕ ನಗಲಿಲ್ಲ. "ಒಂದು ಹನಿಗೆ ಏನೂ ಮುಳುಗಿ ಹೋಗಲ್ಲ. ನಾಳೆ ನೋಡೋಣ. ಜಾಕ್ ಇಳಿಸು."

ಅವಳು ಜಾಕ್ ಮುಟ್ಟಲಿಲ್ಲ. ಪೈಪನ್ನು ಎರಡೂ ಕಡೆ ಬಿಚ್ಚಿಕೊಂಡು ವ್ಯಾನಿನಡಿಯಿಂದ ಹೊರಬಂದಳು, ಎಲ್ಲರ ಕಣ್ಣೆದುರೇ ಕಟರ್ ಹಾಕಿ ಸೋರುವ ತುದಿಯನ್ನು ತುಂಡರಿಸಿದಳು.

"ಈಗ ಇಳಿಸಿ ಸಾರ್. ಎಲ್ಲಿಗೆ ಓಡಿಸ್ತೀರೋ ಓಡಿಸಿ."

ಮಾಲೀಕ ಕೂಗಾಡಿದ. ಅವಳು ಕಿವಿಗೆ ಹಾಕಿಕೊಳ್ಳದೆ ತುಂಡನ್ನು ಮಾವನ ಅಂಗೈಯಲ್ಲಿಟ್ಟಳು. "ಮುಟ್ಟಿ ನೋಡಿ."

ಮಾವನ ಹೆಬ್ಬೆರಳು ಆ ಪುಟ್ಟ ಬಾಯಿಯ ಅಂಚಿನ ಮೇಲೆ ಅರ್ಧ ಸುತ್ತು ಬಂದು ನಿಂತಿತು.

"ಸೊಟ್ಟ ಇದೆ," ಎಂದರು.

"ನಿಮಗೆ ಕಣ್ಣು ಕಾಣಲ್ವಾ ಮೇಸ್ತ್ರಿ?" ಎಂದ ಮಾಲೀಕ.

"ಆರು ತಿಂಗಳಿಂದ ಸರಿಯಾಗಿ ಕಾಣಲ್ಲ ಸಾರ್."

"ಬೆರಳಿಗೆ ಗೊತ್ತಾಗ್ತಿತ್ತಲ್ಲ ಮಾವ?" ಎಂದಳು ಅವಳು.

"ಗೊತ್ತಾಗ್ತಿತ್ತು ಕಣೇ. ಅದಕ್ಕೇ ಮುಟ್ಟಿರಲಿಲ್ಲ."

ಮಾಲೀಕ ಕೈ ಒದರಿದ. "ಸರಿ ಹೋಯ್ತು. ನಾಳೆಯಿಂದ ಮನೇಲಿರಿ ನೀವು. ನೀನು ಹೊಸ ಪೈಪ್ ಹಾಕಿ ಕಳಿಸಮ್ಮ, ಬೇಗ."

ಅವಳು ಸುರುಳಿಯಿಂದ ಹೊಸ ಪೈಪ್ ಕತ್ತರಿಸಿದಳು, ಅರ ಹಾಕಿದಳು, ನಟ್ಟು ತೂರಿಸಿ ಅಚ್ಚಿಗೆ ಕೊಟ್ಟಳು. ಸಿಟ್ಟಿನಲ್ಲಿ ತಿರುಪನ್ನು ಅವಸರವಾಗಿ ಇಳಿಸಿದಳು. ಆದರೂ ಹೊರಬಂದ ಬಾಯಿ ಕಣ್ಣಿಗೆ ಚೆನ್ನಾಗಿಯೇ ಕಂಡಿತು. ವ್ಯಾನಿನತ್ತ ತಿರುಗುವಷ್ಟರಲ್ಲಿ ಮಾವ ಅಡ್ಡ ಬಂದು ಕೈ ಚಾಚಿದರು.

"ಕೊಡಿಲ್ಲಿ."

ಹೆಬ್ಬೆರಳು ಒಂದು ಸುತ್ತು ಬಂತು. "ಒಂದು ಕಡೆ ಕೂದಲೆಳೆಯಷ್ಟು ಎತ್ತರ ಇದೆ. ಕತ್ತರಿಸು."

"ನಾಳೆಯಿಂದ ಬರದೇ ಇರೋರ ಮಾತು ಕಟ್ಕೊಂಡು ಏನು ಮಾಡ್ತೀಯ? ಹಾಕು," ಎಂದ ಮಾಲೀಕ.

ಅವಳು ತುದಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಏನೂ ಕಾಣಲಿಲ್ಲ. ಆದರೂ ಕಟರ್ ಹಾಕಿ ತುದಿ ಕತ್ತರಿಸಿದಳು.

"ಇವತ್ತು ಇನ್ನೂ ಮುಗಿದಿಲ್ಲ ಸಾರ್," ಎಂದಳು. "ನಾಳೆಯಿಂದ ಅವರು ಬೇಡ ಅಂದ್ರೆ ನನಗೂ ಬೇರೆ ಶೆಡ್ ಸಿಗುತ್ತೆ. ಪೈಪ್ ನಾನು ಮಾಡ್ತೀನಿ. ಸರಿ ಇದೆ ಅಂತ ಅವರು ಹೇಳಬೇಕು."

ಡ್ರೈವರ್ ಇಳಿದು ಬಂದು, ಯಾರ ಅಪ್ಪಣೆಗೂ ಕಾಯದೆ ಶಾಲೆಗೆ ಫೋನ್ ಮಾಡಿದ. "ತಡ ಆಗುತ್ತೆ ಮೇಡಂ. ಮಕ್ಕಳನ್ನ ಒಳಗೇ ಕೂರಿಸಿ."

ಈ ಸಲ ಅವಳು ಉಸಿರು ಬಿಗಿಹಿಡಿದು ಗುಂಡಿ ಕೂರಿಸಿದಳು. ತಿರುಪನ್ನು ನಿಧಾನವಾಗಿ ಇಳಿಸಿ, ಬಿಚ್ಚಿ, ಒರೆಸಿ ಕೊಟ್ಟಳು. ಮಾವ ಕಣ್ಣು ಮುಚ್ಚಿಕೊಂಡರು. ಹೆಬ್ಬೆರಳು ಅಂಚಿನ ಮೇಲೆ ಒಂದು ಸುತ್ತು ಬಂತು.

"ಸರಿ ಇದೆಯೋ ಇಲ್ವೋ?" ಮಾಲೀಕ ಕೇಳಿದ.

"ತಡೀರಿ," ಎಂದರು ಮಾವ. ಮೂವತ್ತು ವರ್ಷದಲ್ಲಿ ಅವರು ಮಾಲೀಕನಿಗೆ ಹಾಗೆ ಅಂದದ್ದು ಅದೇ ಮೊದಲು. ಮಾಲೀಕ ತಡೆದ. ಹೆಬ್ಬೆರಳು ಎರಡನೆಯ ಸುತ್ತು ಹೊರಟಿತು.