ಮೊಣಕೈ ತೊರೆಯ ಮೀನು

ನಾಲ್ಕನೆಯ ಮೀನಿಗೆ ಬಂದಾಗ ಡೆಲಾಳ ಚಾಕು ಜಾರಿತು. ಕೈ ನಡುಗಿ ಜಾರಿದ್ದಲ್ಲ. ಹುಡುಗಿಯಾಗಿದ್ದಾಗಿನಿಂದ ಸಾಲ್ಮನ್ ಸೀಳಿದ ಕೈ ಅದು. ಅಲಗಿಗೆ ಕೊಬ್ಬು ಮೆತ್ತಿತ್ತು. ಅವಳು ಬೆರಳುಗಳನ್ನು ಉಜ್ಜಿ ನೋಡಿದಳು. ಮೀನನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಚಿಕ್ಕ ತಲೆ, ತೆಳು ಚರ್ಮ, ಬೆಣ್ಣೆಯಂಥ ಹೊಟ್ಟೆ, ಅದರ ತುಂಬ ಮೊಟ್ಟೆ.

"ಮರ್ವಿನ್, ಬಲೆ ಎಲ್ಲಿ ಹಾಕಿದ್ದೆ?"

ಅಣ್ಣನ ಮಗ ಅಡುಗೆಮನೆಯ ಬಾಗಿಲಲ್ಲಿ ನಿಂತು ಕರಿ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದ. ಇನ್ನು ಸ್ವಲ್ಪ ಹೊತ್ತಿಗೆ ತೀರಿಹೋದ ಅವನ ಅಪ್ಪ ವಿಲ್ಬರ್‌ನನ್ನು ಚರ್ಚಿನಿಂದ ಗುಡ್ಡದ ಮೇಲಿನ ಸ್ಮಶಾನಕ್ಕೆ ಹೊರಬೇಕಿತ್ತು.

"ಅಪ್ಪನ ಮಡುವಲ್ಲೇ ಅತ್ತೆ. ಸಾವಿನೂಟಕ್ಕೆ ಅಂತ ಮೀನಿನ ಇಲಾಖೆಯವರು ಒಂದು ರಾತ್ರಿ ಬಿಟ್ಕೊಟ್ರು. ಬೇರೆ ಕಡೆ ಹಾಕಿದ್ರೆ ಚೆನ್ನಾಗಿರುತ್ತಾ? ಅವನ ಜಾಗ ಅಲ್ವಾ."

"ಅವನ ಜಾಗ ಸರಿ. ಈ ತಿಂಗಳಲ್ಲಿ ಅವನು ಅಲ್ಲಿ ಬಲೆ ಬಿಟ್ಟಿದ್ದನ್ನ ಯಾವತ್ತಾದ್ರೂ ನೋಡಿದ್ದೀಯಾ?"

ಗುಂಡಿಯ ಮೇಲಿದ್ದ ಕೈ ಅಲ್ಲೇ ನಿಂತಿತು.

ರಾಶಿಯಲ್ಲಿ ಅಂಥವು ಇನ್ನೂ ಎರಡು ಸಿಕ್ಕವು. ಒಲೆಯ ಹತ್ತಿರ ದೊಡ್ಡ ಪಾತ್ರೆಗೆ ಆಲೂಗಡ್ಡೆ ಹೆಚ್ಚಿ ಹಾಕುತ್ತಿದ್ದ ಗ್ಲಾಡಿಸ್, ಇವರ ದಾಯಾದಿ, ಕತ್ತು ಚಾಚಿ ನೋಡಿದಳು.

"ಅಯ್ಯೋ ಬಿಡೆ ಡೆಲಾ. ಮೀನೇನು ಊರ ಹೆಸರು ಹಚ್ಚೆ ಹಾಕಿಸ್ಕೊಂಡು ಬರುತ್ತಾ? ತುಂಡು ಮಾಡಿ ಸಾರಿಗೆ ಹಾಕು. ಬೆಂದ ಮೇಲೆ ಎಲ್ಲಾ ಒಂದೇ."

"ಮೊಣಕೈ ತೊರೆಯಿಂದ ಒಲೀವಕ್ಕ ಬರ್ತಿದ್ದಾಳೆ, ಮಕ್ಕಳ ಜೊತೆ. ನಿನ್ನೆನೇ ಹೊರಟಿದ್ದಾರಂತೆ."

ಗ್ಲಾಡಿಸ್ ಮತ್ತೆ ಆಲೂಗಡ್ಡೆಗೆ ತಿರುಗಿದಳು.

•

ಒಂದೇ ನದಿ, ಒಂದೇ ತಿಂಗಳು, ಒಂದೇ ಬೆಳ್ಳಿ ಬಣ್ಣ. ಆದರೆ ಕೆಲವು ಮೀನು ಇಲ್ಲೇ ಪಕ್ಕದ ಸರೋವರಕ್ಕೆ ತಿರುಗಿಬಿಡುತ್ತವೆ. ಕೆಲವು ಕಣಿವೆ ಹತ್ತಿ, ವಾರಗಟ್ಟಲೆ ಈಜಿ, ಬಡಗಣ ಮೊಣಕೈ ತೊರೆಗೆ ಹೋಗುತ್ತವೆ. ದಾರಿಯುದ್ದಕ್ಕೂ ಏನೂ ತಿನ್ನುವುದಿಲ್ಲ. "ದೂರ ಹೋಗೋನು ಬುತ್ತಿ ಕಟ್ಕೊಂಡೇ ಹೊರಡ್ತಾನೆ," ಎನ್ನುತ್ತಿದ್ದ ವಿಲ್ಬರ್, ಮೀನಿನ ಹೊಟ್ಟೆ ಒತ್ತಿ ತೋರಿಸುತ್ತ. ಆ ದೂರದವು ದಣಿವಾರಿಸಿಕೊಳ್ಳುವುದು ಅವನ ಮಡುವಿನ ನಿಂತ ನೀರಿನಲ್ಲಿ.

ಇದನ್ನು ಅವನಿಗೆ ಕಲಿಸಿದವಳು ಹೆಂಡತಿ ಎತೆಲ್. ಅವಳು ಮೊಣಕೈ ತೊರೆಯವಳು; ಈಗ ಇದೇ ಊರ ಗುಡ್ಡದ ಮಣ್ಣಿನಲ್ಲಿದ್ದಾಳೆ. ಮದುವೆಯಾದ ಮೊದಲ ಬೇಸಿಗೆ ಅತ್ತೆಮನೆಗೆಂದು ವಿಲ್ಬರ್ ಬುಟ್ಟಿ ತುಂಬ ಮೀನು ಹೊತ್ತು ತಂದ. ಎತೆಲ್ ಒಂದನ್ನು ಸೀಳಿ ಕೆಳಗಿಟ್ಟಳು.

"ಇದು ನಮ್ಮೂರಿಗೆ ಹೊರಟಿತ್ತು. ಇಲ್ಲೇ ಕೊಂದು, ಗಾಡಿಲಿ ಹಾಕ್ಕೊಂಡು ಹೋಗಿ, ನಮ್ಮಮ್ಮಂಗೆ ಉಡುಗೊರೆ ಅಂತ ಕೊಡ್ತೀಯಾ?"

ವಿಲ್ಬರ್ ನಕ್ಕ. ಅಲ್ಲಿಗೆ ಹೋದ ಮೇಲೆ ನಗು ನಿಂತಿತು. ಎತೆಲಳ ಅಕ್ಕ ಒಲೀವ್ ಒಂದು ಮಾತೂ ಆಡದೆ ಅವನನ್ನು ಹೊಗೆಮನೆಗೆ ಕರೆದುಕೊಂಡು ಹೋಗಿ ಬಾಗಿಲು ತೆಗೆದಳಂತೆ. ಮೀನು ತೂಗುಹಾಕುವ ಗಳಗಳು ಬರಿದಾಗಿದ್ದವು.

ಅಂದಿನಿಂದ ಪ್ರತಿ ಬೇಸಿಗೆ ದೂರದ ಮೀನು ದಾಟಿ ಮುಗಿಯುವವರೆಗೆ ವಿಲ್ಬರ್‌ನ ಬಲೆ ಸೂರಿನಿಂದ ಇಳಿಯಲಿಲ್ಲ. ತಾನು ಹಿಡಿಯುವುದು ಬಿಟ್ಟದ್ದಲ್ಲದೆ ಇತರರ ದೋಣಿಗಳಿಗೂ ಹೋಗಿ ಬೇಡಿಕೊಂಡ, ಜಗಳಾಡಿದ. "ಹೆಂಡ್ತಿ ತವರಿಗೆ ನಮ್ಮ ಹೊಟ್ಟೆ ಕಟ್ಟು ಅಂತೀಯಾ?" ಎಂದು ಜನ ಮುಖಕ್ಕೇ ಕೇಳಿದರು. ಶಾಲೆಯ ಬಸ್ಸು ಓಡಿಸಿ ಬದುಕಿದವನು ಅವನು. ಬಸ್ಸಿನ ಮಕ್ಕಳ ಹೆಸರು ತಪ್ಪು ಹೇಳುತ್ತಾನೆ, ಮೀನಿನ ಊರು ಮಾತ್ರ ತಪ್ಪು ಹೇಳುವುದಿಲ್ಲ ಎಂದು ಆಡಿಕೊಂಡು ನಗುತ್ತಿದ್ದರು. ಅದನ್ನೂ ತಪ್ಪು ಹೇಳಿದ್ದುಂಟು. ದೂರದ್ದೆಂದು ಅವನು ನೀರಿಗೆ ಬಿಟ್ಟ ಮೀನಿನ ಹುರುಪೆಯನ್ನು ಇಲಾಖೆಯ ಹುಡುಗಿ ಭೂತಗಾಜಿನಡಿ ಇಟ್ಟು, "ಇದು ಇಲ್ಲೇ ಸರೋವರದ್ದು, ಅಜ್ಜ," ಅಂದಾಗ ಅವನು, "ಹಾಗಾದ್ರೆ ಇದೊಂದು ಊಟ ನನಗೆ ನಷ್ಟ," ಎಂದು ಎದ್ದುಹೋಗಿದ್ದ.

•

ಡೆಲಾ ಗುಡ್ಡದಿಂದ ಇಳಿದು ಬರುವಷ್ಟರಲ್ಲಿ ಗ್ಲಾಡಿಸ್ ಆ ಮೂರರಲ್ಲಿ ಎರಡು ಮೀನನ್ನು ಸಾರಿಗೆ ಹಾಕಿ ಮುಗಿಸಿದ್ದಳು. ಮೊಟ್ಟೆಯಿದ್ದ ಒಂದು ಮಾತ್ರ ಉಳಿದಿತ್ತು.

"ಬೈಬೇಡ. ಇಷ್ಟು ಜನಕ್ಕೆ ಸಾಲ್ಬೇಕಲ್ಲ," ಅಂದಳು ಗ್ಲಾಡಿಸ್.

ಸತ್ತವನ ತಟ್ಟೆಯನ್ನು ಡೆಲಾಳೇ ಬಡಿಸಿದಳು. ರೊಟ್ಟಿ, ಆಲೂಗಡ್ಡೆ, ಕಾಡುಹಣ್ಣು, ಸರೋವರದ ಮೀನಿನದೊಂದು ತುಂಡು. ಆ ತುಂಡನ್ನು ಎರಡು ಸಲ ಒತ್ತಿ ನೋಡಿ ಇಟ್ಟಳು. ಹೊರಗೆ ದೇವದಾರು ಸೌದೆಯ ಬೆಂಕಿಯಲ್ಲಿ ತಟ್ಟೆ ಉರಿದು, ಊಟ ವಿಲ್ಬರ್‌ನನ್ನು ಮುಟ್ಟಿತು. ಆಮೇಲೆ ಉಳಿದವರು ಕೂತರು.

ಒಲೆಯಲ್ಲಿ ಇಡಿಯಾಗಿ ಸುಟ್ಟ ಆ ಒಂದು ಮೀನನ್ನು ಡೆಲಾ ತಂದು ಒಲೀವಳ ಮುಂದಿಟ್ಟಳು. ಮುಚ್ಚಿಟ್ಟು ಉಣ್ಣಿಸುವುದಕ್ಕೆ ಅವಳಿಗೆ ಮನಸ್ಸಾಗಲಿಲ್ಲ.

ಒಲೀವ್ ಒಂದು ಎಸಳು ಕಿತ್ತು ಬಾಯಿಗಿಟ್ಟಳು. ಜೊತೆಗೆ ಬಂದಿದ್ದ ಅವಳ ಗಂಡುಮಕ್ಕಳು ತಾಯಿಯ ಮುಖ ನೋಡಿ ಚಮಚ ಕೆಳಗಿಟ್ಟರು.

"ಇದು ನಮ್ಮನೇದು," ಅಂದಳು ಒಲೀವ್.

ಮರ್ವಿನ್ ಎದ್ದು ನಿಂತ. "ನಾನೇ ಹಿಡಿದಿದ್ದು, ದೊಡ್ಡಮ್ಮ."

"ನಿಮ್ಮಪ್ಪ ಹಿಡೀತಿರ್ಲಿಲ್ಲ."

"ಅದಕ್ಕೇ ನನಗೆ ಗೊತ್ತಾಗ್ಲಿಲ್ಲ. ಆ ತಿಂಗಳು ನನ್ನನ್ನ ಮಡುವಿನ ಹತ್ರಕ್ಕೇ ಬಿಡ್ತಿರ್ಲಿಲ್ಲ."

"ಹೋದ ವರ್ಷ ತೊರೇಲಿ ಎಷ್ಟು ಬಂದ್ವು ಗೊತ್ತಾ? ನನ್ನ ಮೊಮ್ಮಗಳು ದಂಡೇಲಿ ಕೂತು ಒಂದೊಂದಕ್ಕೂ ಹೆಸರಿಟ್ಲು, ಅಷ್ಟು ಕಮ್ಮಿ." ಒಲೀವ್ ಡೆಲಾಳ ಕಡೆ ತಿರುಗಿದಳು. "ನಮ್ಮ ಹುಡುಗೀನ ಗುಡ್ಡದ ಮೇಲೆ ಇಟ್ಕೊಂಡ್ರಿ. ಈಗ ಇದನ್ನೂ."

ಒಲೀವ್ ಮಕ್ಕಳಿಗೆ, "ತಿನ್ನಿ. ತಟ್ಟೇಲಿ ಬಿಟ್ರೆ ಅದು ಸತ್ತಿದ್ದೂ ದಂಡ," ಅಂದಳು. ಅವರು ತಿಂದರು.

ಊಟ ಮುಗಿದ ಮೇಲೆ ಮುಳ್ಳನ್ನೆಲ್ಲ ಒಟ್ಟುಮಾಡಿ ಊರ ದಂಡೆಯಲ್ಲಿ ನೀರಿಗೆ ಬಿಡುವುದು ಪದ್ಧತಿ. ಹಾಗೆ ಬಿಟ್ಟರೇ ಮೀನು ಮತ್ತೆ ಬರುವುದು. ಡೆಲಾ ಮುಳ್ಳಿನ ಬೋಗುಣಿ ಎತ್ತಿಕೊಂಡಾಗ ಒಲೀವ್ ಅಂಚು ಹಿಡಿದಳು.

"ನಮ್ಮವನ್ನ ಇಲ್ಲಿ ಬಿಡ್ಬೇಡ. ಕೊಡು."

"ಇದೊಂದೇ ಅಲ್ಲ, ಅಕ್ಕ. ಸಾರಲ್ಲಿ ಇನ್ನೆರಡಿತ್ತು."

"ಹಾಗಿದ್ರೆ ಆರಿಸ್ಕೊಡು."

ಡೆಲಾ ಸಾರಿನ ಪಾತ್ರೆಯ ಮುಂದೆ ಕೂತಳು. ಬೆಂದ ಮುಳ್ಳುಗಳನ್ನು ಒಂದೊಂದಾಗಿ ತೆಗೆದು, ಮೂಸಿ, ಬೆಳಕಿಗೆ ಹಿಡಿದಳು. ಕೊಬ್ಬೆಲ್ಲ ಸಾರಿನಲ್ಲಿ ಕರಗಿಹೋಗಿತ್ತು. ಎಲ್ಲವೂ ಬೆಳ್ಳಗೆ, ಒಂದೇ ತೆರ.

"ಅಪ್ಪ ಇದ್ದಿದ್ರೆ ಆರಿಸ್ತಿದ್ದ," ಅಂದ ಮರ್ವಿನ್.

"ಬೇಯಿಸಿದ ಮೇಲೆ ಅವನಿಗೂ ಗೊತ್ತಾಗ್ತಿರ್ಲಿಲ್ಲ ಕಣೋ. ಅದಕ್ಕೇ ಅವನು ಹಿಡೀತಾನೇ ಇರ್ಲಿಲ್ಲ," ಅಂದಳು ಡೆಲಾ. ಆಮೇಲೆ ಬೋಗುಣಿಯಲ್ಲಿದ್ದುದನ್ನೂ ಆ ಪಾತ್ರೆಗೇ ಸುರಿದಳು.

ಗ್ಲಾಡಿಸ್ ಅವಳ ಮುಂಗೈ ಹಿಡಿದಳು. "ಎಲ್ಲಾ ಕೊಡ್ತೀಯಾ? ನಮ್ಮವೂ ಇದಾವಲ್ಲೇ ಇದರಲ್ಲಿ. ಅವರ ತೊರೆಗೆ ಹೋಗಿಬಿಟ್ರೆ ಬರೋ ವರ್ಷ ನಮ್ಮ ಸರೋವರಕ್ಕೆ ಯಾವುದು ಬರುತ್ತೆ?"

"ನನಗೆ ಗೊತ್ತಿಲ್ಲ, ಗ್ಲಾಡಿಸ್. ಕೈ ಬಿಡು."

ಒಲೀವ್ ಪಾತ್ರೆಯನ್ನು ತಾನು ತೆಗೆದುಕೊಳ್ಳಲಿಲ್ಲ. ಗದ್ದ ಎತ್ತಿ ಮರ್ವಿನ್‌ನ ಕಡೆ ತೋರಿಸಿದಳು. "ಅವನು ಹೊರ್ಲಿ. ಅಮ್ಮನ ಊರು ನೋಡಿ ಎಷ್ಟು ವರ್ಷ ಆಯ್ತೋ."

ಬಿಸಿಲು ಇನ್ನೂ ಇತ್ತು. ಮಡುವಿನ ಪಕ್ಕದ ಗಳದ ಮೇಲೆ ಒಣಗಲು ಹಾಕಿದ ಬಲೆ ಇನ್ನೂ ಒದ್ದೆಯಾಗಿತ್ತು. ಒಲೀವಳ ಮಕ್ಕಳು ಟ್ರಕ್ಕನ್ನು ಅದರ ಪಕ್ಕದಿಂದ ಕಣಿವೆಯ ದಾರಿಗೆ ತಿರುಗಿಸಿದರು. ಹಿಂದಿನ ಸೀಟಿನಲ್ಲಿ ಕರಿ ಕೋಟಿನ ಮರ್ವಿನ್, ತೊಡೆಯ ಮೇಲೆ ಬಟ್ಟೆ ಕಟ್ಟಿದ ಸಾರಿನ ಪಾತ್ರೆ. ತಿರುವಿನಲ್ಲಿ ಗಾಡಿ ವಾಲಿತು. ಅವನು ಎರಡೂ ತೋಳು ಬಳಸಿ ಪಾತ್ರೆಯನ್ನು ಎದೆಗೆ ಒತ್ತಿಕೊಂಡದ್ದು ಡೆಲಾಳಿಗೆ ಕಂಡಿತು.