ಎದುರುಬದುರು ಸೀಟು

“ಏನೂ ಇಲ್ಲ. ಚೆನ್ನಾಗಿದೆ,” ಎಂದು ಅವನು ಹೆಂಡತಿಯ ಕಿವಿಯಿಂದ ದೀಪದ ಕೊಳವೆಯನ್ನು ಹೊರಗೆ ತೆಗೆದ.

ಇತ್ತು. ಕಿವಿಯ ತಮಟೆ ಒಳಕ್ಕೆ ಸೆಳೆದುಕೊಂಡು ಕೆಂಪಾಗಿತ್ತು. ಬೇರೆ ಯಾರಾದರೂ ಆಗಿದ್ದರೆ, ಇದು ವಾಸಿಯಾಗುವವರೆಗೆ ವಿಮಾನದ ಮಾತೆತ್ತಬೇಡಿ ಎಂದು ಗದರಿಸಿ ಕಳಿಸುತ್ತಿದ್ದ. ಊರೆಲ್ಲ ಅವನನ್ನು ಕಿವಿ ಡಾಕ್ಟರು ಎಂದೇ ಕರೆಯುವುದು.

“ಎಡಗಡೆ ಇನ್ನೂ ಗುಂಯ್ ಅನ್ನುತ್ತೆ ರೀ.”

“ಅದು ವಯಸ್ಸು.”

“ಬೇರೆ ಡಾಕ್ಟರಾದ್ರೆ ಔಷಧಿ ಕೊಡ್ತಿದ್ರು. ನೀವು ವಯಸ್ಸು ಕೊಟ್ರಿ,” ಎಂದು ಅವಳು ನಕ್ಕಳು.

ಅವರಿಬ್ಬರೂ ಹೊರಟಿದ್ದ ನಾಲ್ಕು ದೇಶಗಳ ಈ ಪ್ರವಾಸ ಮಗಳ ಹಂಚಿಕೆ. ಅದೂ ದೇಶದಿಂದ ದೇಶಕ್ಕೆ ರೈಲಿನಲ್ಲೇ ಆಗಬೇಕೆಂದು ಅವಳ ಹಟ. “ನೀವಿಬ್ರೂ ಎದುರುಬದುರು ಕೂತು ಯಾವ ಕಾಲ ಆಯ್ತಪ್ಪಾ? ಮೂರನೇ ದೇಶ ಬರೋ ಹೊತ್ತಿಗೆ ಒಂದೋ ಜಗಳ ಆಡಿರ್ತೀರಿ, ಇಲ್ಲ ಸ್ನೇಹ ಆಗಿರ್ತೀರಿ,” ಎನ್ನುತ್ತಿದ್ದಳು.

ಹೋದ ವರ್ಷ ಮಗಳು ತೀರಿಕೊಂಡಳು. ಹೃದಯ, ಎಂದರು. ಆ ಬೆಳಿಗ್ಗೆ ಅಪ್ಪನಿಗೆ ಫೋನು ಮಾಡಿ, ಎದೆ ಹಿಂಡಿದ ಹಾಗಾಗುತ್ತೆ ಎಂದಿದ್ದಳು. ಅವನೆದುರು ರೋಗಿಯೊಬ್ಬ ಬಾಯಿ ತೆರೆದುಕೊಂಡು ಕೂತಿದ್ದ. “ಏನೂ ಇಲ್ಲ, ಮಲಗು,” ಎಂದು ಅವನು ಫೋನು ಇಟ್ಟುಬಿಟ್ಟಿದ್ದ. ಫೋನು ಬಂದದ್ದು ಹೆಂಡತಿಗೆ ಗೊತ್ತು. ಆಡಿದ ಮಾತು ಅವನಿಗೂ ಮೇಲಿರುವವನಿಗೂ ಮಾತ್ರ ಗೊತ್ತು.

ಮನೆಯಲ್ಲಾದರೆ ತಪ್ಪಿಸಿಕೊಳ್ಳಲು ಕೋಣೆಗಳಿವೆ. ವಿಮಾನದಲ್ಲಿ ಎಲ್ಲರೂ ಒಂದೇ ಕಡೆ ಮುಖಮಾಡಿ ಕೂರುತ್ತಾರೆ. ರೈಲಿನಲ್ಲಿ ಎಲ್ಲಿಗೆ ಹೋಗುವುದು? ದೇವರು ಕಣ್ಣಿಗೆ ರೆಪ್ಪೆ ಕೊಟ್ಟ. ಕಿವಿಗೆ ಯಾಕೆ ಕೊಡಲಿಲ್ಲವೆಂದು ಅವನಿಗೆ ಇತ್ತೀಚೆಗೆ ಅರ್ಥವಾಗತೊಡಗಿತ್ತು.

ಅವತ್ತೇ ಟಿಕೆಟ್ ಮಾಡಿಸಲು ಇಬ್ಬರೂ ಹೋದ ಪ್ರವಾಸದ ಕಚೇರಿಯವನು ಮಾತುಗಾರ. ಗುಜರಿಗೆ ಬಿದ್ದ ರೈಲುಡಬ್ಬಿಯೊಂದರಿಂದ ಎರಡು ಸೀಟು ತಂದು, ಬಂದವರು ಕಾಯಲೆಂದು ಮೂಲೆಯಲ್ಲಿ ಎದುರುಬದುರಾಗಿ ಹಾಕಿಸಿದ್ದ. ನಡುವೆ ಗೋಡೆಗೆ ಅದೇ ಡಬ್ಬಿಯ ಕಿಟಕಿಯನ್ನೂ ಜಡಿಸಿದ್ದ. ಗಾಜಿನಾಚೆ ಸುಣ್ಣದ ಗೋಡೆ.

“ರೈಲಾದ್ರೆ ಊರೂರು ನೋಡ್ಕೊಂಡು ಹೋಗಬಹುದು ಡಾಕ್ಟ್ರೇ. ವಿಮಾನದಲ್ಲೇನಿದೆ? ಮೋಡ, ಮುಂದಿನವನ ತಲೆ.”

“ಮುಂದಿನವನ ತಲೆ ಸಾಕು.”

“ಅಮ್ಮ ಏನಂತಾರೆ?”

“ನಂಗೆ ರೈಲೇ ಆಸೆ ಇತ್ತಪ್ಪ. ಇವರಿಗೆ ಬೆನ್ನುನೋವಂತೆ. ನನಗೆ ಕಿವಿದೇ ಯೋಚನೆ ಇತ್ತು, ಬೆಳಿಗ್ಗೆ ಇವರೇ ನೋಡಿದ್ರು. ಇವರು ಸರಿಯಿದೆ ಅಂದ್ಮೇಲೆ ಮುಗೀತು.”

ಅವಳ ದನಿಯಲ್ಲಿ ಹೆಮ್ಮೆಯಿತ್ತು. ಅವನ ಬೆನ್ನು ನಿಜವಾಗಿಯೇ ನೋಯತೊಡಗಿತು. ಈಗಲೂ ಹೇಳಬಹುದಾಗಿತ್ತು. “ವಿಮಾನಕ್ಕೇ ಮಾಡಿ,” ಎಂದ.

“ಸರಿ. ಟಿಕೆಟ್ ತರೋವರೆಗೆ ನಮ್ಮ ರೈಲಲ್ಲಿ ಕೂತಿರಿ. ಇದು ಯಾವತ್ತೂ ಲೇಟಾಗಿಲ್ಲ,” ಎಂದು ಕಚೇರಿಯವನು ತನ್ನ ಹಳೆಯ ಹಾಸ್ಯಕ್ಕೆ ತಾನೇ ನಕ್ಕು ಒಳಗೆ ಹೋದ.

ಅವಳು ಹೋಗಿ ಕಿಟಕಿಯ ಪಕ್ಕ ಕೂತಳು. “ಬನ್ನಿ. ಅವಳ ಆಸೆ ಇಷ್ಟಾದರೂ ನಡೀಲಿ.”

ಕೂತ. ಮೊಣಕಾಲಿಗೆ ಮೊಣಕಾಲು ತಾಗಿತು. ಅವಳು ಸ್ವಲ್ಪ ಹೊತ್ತು ಸುಣ್ಣದ ಗೋಡೆಯನ್ನು, ಊರುಗಳು ಸರಿದುಹೋಗುತ್ತಿವೆ ಎಂಬಂತೆ, ನೋಡಿದಳು. ಆಮೇಲೆ ಅವನ ಕಡೆ ತಿರುಗಿದಳು.

“ರೀ, ಒಂದು ಕೇಳ್ತೀನಿ. ಅವತ್ತು ಬೆಳಿಗ್ಗೆ ಫೋನಲ್ಲಿ ಅವಳು...”

“ಕಿವಿ ಗುಂಯ್ ಅನ್ನುತ್ತೆ ಅಂದೆಯಲ್ಲ,” ಎಂದ ಅವನು, ರೋಗಿಗಳಿಗೆ ಹೇಳುವ ದನಿಯಲ್ಲಿ. “ವಿಮಾನ ಇಳಿಯುವಾಗ ಏನು ಮಾಡಬೇಕು, ತೋರಿಸ್ತೀನಿ. ಬಾಯಿ ಮುಚ್ಚು. ಮೂಗು ಹಿಡ್ಕೋ. ಉಸಿರನ್ನ ಒಳಗೇ ದಬ್ಬು. ನಾನು ಸಾಕು ಅನ್ನೋವರೆಗೆ ಬಿಡಬೇಡ. ನೋಡು, ಹೀಗೆ.”

ಅವನು ಬಾಯಿ ಮುಚ್ಚಿ ಮೂಗು ಹಿಡಿದು ತೋರಿಸಿದ. ಅವಳೂ ಹಿಡಿದಳು. ಅವಳ ಕೆನ್ನೆ ಉಬ್ಬಿತು, ಮುಖ ಕೆಂಪಾಯಿತು. ಎಡಗಿವಿಯಲ್ಲಿ ಈಗ ಎಂಥ ನೋವು ಏಳುತ್ತಿರಬೇಕೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಅವಳ ಕಣ್ಣಲ್ಲಿ ನೀರು ತುಂಬಿತು. ಆದರೂ ಅವಳು ಬೆರಳು ಸಡಿಲಿಸಲಿಲ್ಲ. ಅವನನ್ನೇ ನೋಡುತ್ತ, ಅವನ ಮಾತಿಗಾಗಿ ಕಾದಳು.

ಸಾಕು ಎನ್ನಬೇಕಾದರೆ ಅವನು ಬಾಯಿ ತೆರೆಯಬೇಕಾಗಿತ್ತು.

ಕಿಟಕಿಯಾಚೆ ಸುಣ್ಣದ ಗೋಡೆ ಇದ್ದಲ್ಲೇ ಇತ್ತು.