ಮದುವೆ ಡಿಸ್ಕಿನ ಮೊದಲ ಚಿತ್ರ

ಗುಲಾಬಿ ಎಸಳು ಮತ್ತೆ ಮದುಮಗಳ ಮೂಗಿನ ಮೇಲೆ ಬಂದು ಕೂತಿತು, ಮೌಸಿನಿಂದ ಎಳೆದು ಪಕ್ಕಕ್ಕೆ ಹಾಕಿದರೆ ಈಗ ಕಣ್ಣು ಮುಚ್ಚುತ್ತದೆ, ಮುಚ್ಚಲಿ, ಆ ಮನೆಗೆ ಸೊಸೆಯಾಗಿ ಹೋದವಳಿಗೆ ಕಣ್ಣು ಯಾಕೆ — ಛೆ, ಆ ಹುಡುಗಿ ಏನು ಮಾಡಿದ್ದಾಳೆ, ಸಿಟ್ಟಿರುವುದು ಅವಳ ಮಾವನ ಮೇಲೆ, ಹುಮನಾಬಾದಿನ ಅಡತಿ ಸಾವ್ಕಾರ ಮಹಾರುದ್ರಪ್ಪನ ಮೇಲೆ, ಎಸಳಿನ ಬದಲು ಕಲ್ಲು ಉದುರಿಸುವ ಎಫೆಕ್ಟ್ ಈ ಸಾಫ್ಟ್‌ವೇರಿನಲ್ಲಿ ಇದ್ದಿದ್ದರೆ ಅವನು ಸುತ್ತಿದ ಪಟಗದ ಮೇಲೆ ಸುರಿದು ಸುರಿದು ತಲೆ ಒಡೆಯುತ್ತಿದ್ದೆ, ಇಲ್ಲ, ಎಸಳು ಇದೆ, ಹಿಮ ಇದೆ, ಬಂಗಾರದ ಮಿಂಚು ಇದೆ, ಹಿಮವನ್ನೇ ಕಾಣದ ಬಸವಕಲ್ಯಾಣದಲ್ಲಿ ಕುಳಿತು ದಿನವಿಡೀ ಹಿಮ ಸುರಿಸುತ್ತೇನೆ. ಕ್ಯಾಸೆಟ್ಟಿನ ಕಾಲ ಮುಗಿದು ಡಿವಿಡಿ ಬಂದ ಮೇಲೆ ಮಚ್ಚೇಂದ್ರಣ್ಣನ ಸ್ಟುಡಿಯೋದಲ್ಲಿ ನನ್ನ ಕೆಲಸ ಇದೊಂದೇ, ಡಿಸ್ಕ್ ಹಾಕಿದ ಕೂಡಲೇ ಟಿವಿಯಲ್ಲಿ ಮೂಡುವ ಮೊದಲ ಚಿತ್ರ, ಮೆನು, ಅದನ್ನು ಸಿಂಗರಿಸುವುದು, ನಾಲ್ಕು ಹೃದಯ — ಅರಿಶಿಣ, ಅಕ್ಕಿಕಾಳು, ಬರಾತ್, ಊಟ — ಒಂದೊಂದು ಹೃದಯದೊಳಗೆ ಆಯಾ ಭಾಗದ ತುಣುಕು ಓಡುತ್ತಿರುತ್ತದೆ, ಮುಗಿದರೆ ಮತ್ತೆ ಮೊದಲಿನಿಂದ, ಯಾರಾದರೂ ರಿಮೋಟ್ ಒತ್ತುವ ತನಕ ನಿಲ್ಲುವುದಿಲ್ಲ. ಸಿಂಗಾರ ಮುಗಿದರೆ ಡಿಸ್ಕಿಗೆ ಇಳಿಸಬೇಕು, ಸ್ಟುಡಿಯೋದ ಭಾಷೆಯಲ್ಲಿ ಸುಡಬೇಕು. ಸಪ್ನಾ, ಆತೇನವಾ, ಹೊರಗಿನಿಂದ ಮಚ್ಚೇಂದ್ರಣ್ಣನ ದನಿ, ಸಾವ್ಕಾರ್ರು ಜೀಪ್ ಕಳಸ್ಯಾರ, ಸಂಜಿಗಿ ಅಂಗಳದಾಗ ಟಿವಿ ಇಡಾಕತ್ತಾರ, ಬೀಗರೆಲ್ಲ ಕೂಡ್ತಾರ. ಆಗಾಕತ್ತದಣ್ಣಾ, ಇನ್ನ ಸ್ವಲ್ಪ ಅದ. ಕೂಡಲಿ, ಬೀಗರು ಕೂಡಲಿ, ಆಳುಕಾಳು ಗೋಡೆ ಹತ್ತಿ ಕೂಡಲಿ, ನೋಡಲಿ. ಊಟದ ಹೃದಯದಲ್ಲಿ ಜಿಲೇಬಿ ಇರಬೇಕಿತ್ತು. ನಾನು ಸಂತೋಷನನ್ನು ಹಾಕಿದ್ದೇನೆ.

ಸಂತೋಷ, ನನ್ನ ತಮ್ಮ, ಈಗಷ್ಟೇ ಮೀಸೆ ತಿರುವಲು ಶುರುಮಾಡಿದ್ದ, ಅಕ್ಕಾ ನಿನ್ನ ಸ್ಟುಡಿಯೋದಾಗ ನನಗೂ ಏನರೆ ಕೆಲಸ ನೋಡು ಅಂದಿದ್ದ, ಇದೇ ಮದುವೆಯಲ್ಲಿ ಕ್ಯಾಮೆರಾದ ಹಿಂದೆ ಲೈಟು ಹಿಡಿದಿದ್ದ. ಅಕ್ಕಿಕಾಳು ಹಾಕುವ ನೂಕುನುಗ್ಗಲಿನಲ್ಲಿ ಯಾರೋ ತಳ್ಳಿದರು, ಕಾದ ಲೈಟು ಮಹಾರುದ್ರಪ್ಪನ ತೋಳಿಗೆ ತಾಗಿತು, ರೇಷ್ಮೆ ಅಂಗಿ ಚರ್ಮಕ್ಕೆ ಅಂಟಿಕೊಂಡಿತು, ಅವನ ಬಾಯಿ ತೆರೆದದ್ದು ಟೇಪಿನಲ್ಲಿದೆ, ಆಮೇಲೆ ಲೈಟು ಬಿದ್ದು ಚಿತ್ರವೆಲ್ಲ ಮಬ್ಬು. ಅವತ್ತೇ ಮಧ್ಯಾಹ್ನ ಸ್ಟುಡಿಯೋಕ್ಕೆ ಫೋನು, ನಿನ್ನ ತಮ್ಮ ಪೆಂಡಾಲಿನ ಕಂಬದಿಂದ ಬಿದ್ದಾನ, ತಲಿಗೆ ಪೆಟ್ಟಾಗ್ಯಾದ, ಗುಲಬರ್ಗಾಕ್ಕ ಒಯ್ಯಾಕತ್ತಾರ — ಗುಲಬರ್ಗಾ ಮುಟ್ಟಲಿಲ್ಲ, ದಾರಿಯಲ್ಲೇ ಹೋದ, ಅಪ್ಪನ ತೊಡೆಯ ಮೇಲೆ. ನಮ್ಮಪ್ಪ ಸಿದ್ದಪ್ಪ ಘಾಟಬೋರಾಳದಲ್ಲಿ ಮಹಾರುದ್ರಪ್ಪನ ಹೊಲದ ಆಳು, ಅವತ್ತು ಅಡುಗೆಯವರಿಗೆ ನೀರು ಹೊರಲು ಹೋಗಿದ್ದ. ಅಪ್ಪಾ, ನೀ ಅಲ್ಲೇ ಇದ್ದೆಲ್ಲ, ಹ್ಯಾಂಗ ಬಿದ್ದ? ಕಂಬದಿಂದ ಬಿದ್ದವಾ. ಅಷ್ಟೇ, ಪೊಲೀಸರು ಕೇಳಿದರೂ ಅಷ್ಟೇ, ಅವ್ವ ಎದೆ ಬಡಿದುಕೊಂಡು ಕೇಳಿದರೂ ಅಷ್ಟೇ, ಮಗನನ್ನು ಕೊಂದವರ ಹೆಸರು ಹೇಳಲು ನಿನಗ ನಾಲಿಗಿ ಇಲ್ಲೇನು ಅಂತ ನಾನು ಅವನ ಮುಖಕ್ಕೇ ಉಗಿದೆ, ಒರೆಸಿಕೊಳ್ಳಲೂ ಇಲ್ಲ. ಉಗಿದದ್ದು ಯಾಕೆಂದರೆ ಅಷ್ಟು ಹೊತ್ತಿಗೆ ನಾನು ಟೇಪು ನೋಡಿದ್ದೆ. ನಮ್ಮ ಕ್ಯಾಮೆರಾದ ಲಾಲ್ ಅಹ್ಮದನಿಗೆ ಒಂದು ಕೆಟ್ಟ ಚಟ, ಗುಂಡಿ ಒತ್ತಿದ್ದನ್ನು ಮರೆತು ಇನ್ನೊಮ್ಮೆ ಒತ್ತುತ್ತಾನೆ, ನಿಂತದ್ದು ಮತ್ತೆ ಓಡಲು ಶುರುವಾಗುತ್ತದೆ, ಅವತ್ತು ಹಾಗೇ ಒತ್ತಿ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಬಿಟ್ಟು ಊಟಕ್ಕೆ ಹೋಗಿದ್ದಾನೆ, ಅದು ಪೆಂಡಾಲಿನ ಪರದೆಯ ಸಂದಿಯಿಂದ ಹಿಂದಿನ ಅಡುಗೆ ಜಾಗವನ್ನು ತನ್ನಷ್ಟಕ್ಕೆ ನೋಡುತ್ತ ನಿಂತಿತ್ತು. ನೆರಳಿಗೆ ಕಟ್ಟಿದ ತಾಡಪತ್ರಿಯ ಕತ್ತಲಲ್ಲಿ ಮಂದಿ, ಕುರ್ಚಿಯಲ್ಲಿ ತೋಳಿಗೆ ಒದ್ದೆ ಬಟ್ಟೆ ಸುತ್ತಿಕೊಂಡ ಮಹಾರುದ್ರಪ್ಪ, ನಡುವೆ ಸಂತೋಷ, ಅವನೆದುರು ಬಿಳಿ ಅಂಗಿಯ ಒಂದು ಬೆನ್ನು. ಬಡಿಗೆ ಏರುತ್ತದೆ, ಇಳಿಯುತ್ತದೆ, ಸಂತೋಷ ಇಲ್ಲ. ಅಳಿಸಿಬಿಡವಾ, ಅವ್ರು ದೊಡ್ಡ ಮಂದಿ, ನಮಗ್ಯಾಕ ಅಂದ ಮಚ್ಚೇಂದ್ರಣ್ಣ, ಹೂಂ ಅಂದೆ, ಅಳಿಸಲಿಲ್ಲ.

ಬೆನ್ನು ಯಾರದು, ಮಹಾರುದ್ರಪ್ಪನ ಮೈದುನನದೇ ಇರಬೇಕು, ಅವನೂ ಅವತ್ತು ಬಿಳಿ ಅಂಗಿ ಹಾಕಿಕೊಂಡು ಗೂಳಿಯ ಹಾಗೆ ಮೆರೆದಾಡಿದ್ದಾನೆ, ಆದರೆ ಹೃದಯದೊಳಗೆ ಬೆನ್ನು ಸಾಲದು, ಮುಖ ಬೇಕು, ಅಂಗಳದಲ್ಲಿ ಕೂತ ಬೀಗರು ಅಯ್ಯೋ ಇವನೇ ಅನ್ನಬೇಕು, ಅವನ ಬಾಯಲ್ಲಿಟ್ಟ ಎಲೆ ಅಡಿಕೆ ಗಂಟಲಿಗೆ ಸಿಕ್ಕಿ ಕಣ್ಣು ಹೊರಬರಬೇಕು, ಯಾರೋ ಎದ್ದು ಅವನ ಹಲ್ಲು ಉದುರಿಸಬೇಕು, ಯಾರೂ ಏಳದಿದ್ದರೆ ನಾನೇ. ಜೀಪಿನ ಹಾರ್ನು. ಬೆಳಕು ಏರಿಸಿದೆ, ಕಪ್ಪು ಹೋಗಿ ಬೂದಿ ಬಣ್ಣ ಬಂತು, ಒಲೆಗಳು ಕಂಡವು, ಕೊಳಗ ಕಂಡಿತು, ಇನ್ನೂ ಏರಿಸಿದೆ, ಹತ್ತಿರಕ್ಕೆ ಎಳೆದೆ, ಚಿತ್ರ ಒಡೆದು ಚೌಕ ಚೌಕವಾಯಿತು, ಅಂಚು ಹರಿತ ಮಾಡಿದೆ, ನಿಧಾನಗತಿ ಹಾಕಿದೆ — ಮದುಮಗಳು ಕಣ್ಣೆತ್ತುವುದಕ್ಕೆ ಹಾಕುವ ಅದೇ ನಿಧಾನ, ಹೊಡೆತಕ್ಕೂ ಅದೇ. ಸಂತೋಷನ ಮೂಗಿನಿಂದ ರಕ್ತ ಆಗಲೇ ಸೋರುತ್ತಿದೆ, ಅಂದರೆ ಈ ಬಿಳಿ ಅಂಗಿ ಬರುವ ಮೊದಲೇ ಬೇರೆಯವರು ಗುದ್ದಿ ಒದ್ದು ಮುಗಿಸಿದ್ದಾರೆ, ಎಷ್ಟು ಮಂದಿ, ಒಬ್ಬನ ಮೇಲೆ ಎಷ್ಟು ಮಂದಿ ಬಿದ್ದಿರೋ ನಾಯಿಗಳಾ. ಈಗ ತಿರುಗು, ಒಮ್ಮೆ ತಿರುಗೋ, ತಿರುಗು. ತಿರುಗಿತು. ಬಡಿಗೆ ಎತ್ತುವ ಮೊದಲು ಬಿಳಿ ಅಂಗಿಯವನು ಕುರ್ಚಿಯ ಕಡೆ, ಸಾವ್ಕಾರನ ಕಡೆ ಒಮ್ಮೆ ನೋಡುತ್ತಾನೆ, ಇಷ್ಟು ಸಾಕೇನ್ರಿ ಅಂತ ಕೇಳುವವನ ಹಾಗೆ, ಆ ಬೂದಿ ಚೌಕಗಳಲ್ಲಿ ಗಲ್ಲದ ಗುಳಿ, ಸೊಟ್ಟ ಮೂಗು — ಅಪ್ಪ. ನಮ್ಮಪ್ಪ. ಸಾವ್ಕಾರ ಮದುವೆಗೆಂದು ಆಳುಗಳಿಗೆಲ್ಲ ಹಂಚಿದ ಹೊಸ ಬಿಳಿ ಅಂಗಿಯಲ್ಲಿ, ನಾನು ಅವನ ಮೈಮೇಲೆ ಒಮ್ಮೆಯೂ ಕಾಣದ ಅಂಗಿಯಲ್ಲಿ, ಅಪ್ಪ. ಅಲ್ಲ ಅಂತ ಬೆಳಕು ಇಳಿಸಿದೆ, ಏರಿಸಿದೆ, ಏರಿಸಿದಾಗಲೆಲ್ಲ ಅವನೇ.

ಬ್ಯಾಂಡಿನ ಸದ್ದು ತಗ್ಗಿಸಿದರೆ ಮಾತು ಕೇಳುತ್ತದೆ, ಕೇಳಬಾರದಿತ್ತು. ನೀವು ಕೈ ಹಚ್ಚಬ್ಯಾಡ್ರಿ ಧಣಿ, ನನ್ನ ಮಗಾನ್ರಿ, ನಾನೇ ಹೊಡಿತೀನ್ರಿ, ನಾನೇ ಬುದ್ಧಿ ಕಲಸ್ತೀನ್ರಿ. ಗೊತ್ತು, ಈ ಮಾತು ನನಗೆ ಗೊತ್ತು, ನಮ್ಮ ಓಣಿಯ ಎಲ್ಲ ಅಪ್ಪಂದಿರೂ ಆಡುವ ಮಾತು, ಧಣಿಯ ಕೈ ಮಗುವಿನ ಮೇಲೆ ಏಳುವ ಮೊದಲು ತಮ್ಮ ಕೈ ಏಳಿಸಿಬಿಡುತ್ತಾರೆ, ಹಸಿ ಕಡಲೆಗಿಡ ಕಿತ್ತಿದ್ದಕ್ಕೆ ಮಹಾರುದ್ರಪ್ಪ ಬಾರುಕೋಲು ಹಿಡಿದು ಬಂದಾಗ ಅಪ್ಪ ಓಡಿ ಬಂದು ನನಗೂ ಸಂತೋಷನಿಗೂ ತಾನೇ ಬಾರಿಸಿದ್ದ, ಅಂಗೈ ಬಗ್ಗಿಸಿ, ಸದ್ದು ಜೋರು ಪೆಟ್ಟು ಸಣ್ಣದು, ಧಣಿಯ ಸಿಟ್ಟು ಇಳಿದು ಹೊರಟುಹೋದ ಮೇಲೆ ಬೇವಿನ ಗಿಡದ ಕೆಳಗೆ ಕೂಡಿಸಿಕೊಂಡು ಬೆನ್ನು ಸವರಿದ್ದ, ತಲಿ ಬಗ್ಗಿಸಿ ನಿಂದರಬೇಕು, ಕೈ ಅಡ್ಡ ತರಬಾರದು, ನಾ ಹೊಡದ್ರ ಹತ್ತಂಗಿಲ್ಲ, ಜೋರಾಗಿ ಅಳ್ರಿ ಅಷ್ಟೇ. ಅವತ್ತೂ ಮೊದಲು ಕೈಯಿಂದಲೇ ಹೊಡೆದಿದ್ದಾನೆ, ಟೇಪಿನಲ್ಲಿ ಎರಡು ಸದ್ದು ಇವೆ, ಆಮೇಲೆ ಮಹಾರುದ್ರಪ್ಪನ ದನಿ, ಕೈಲೆ ಏನ್ ಹೊಡಿತಿಯೋ ಸಿದ್ಯಾ, ನಾಟಕ ಮಾಡಾಕತ್ತಿಯೇನು, ತೊಗೊ ಇದು. ಬಡಿಗೆಯನ್ನು ಅಂಗೈಯ ಹಾಗೆ ಬಗ್ಗಿಸಲು ಬರುವುದಿಲ್ಲ. ನಾನು ಈ ಮುಖಕ್ಕೆ ಉಗಿದೆ. ಅಳಿಸಿದರೆ ಮಹಾರುದ್ರಪ್ಪ ಸಂಜೆ ಜಿಲೇಬಿ ನೋಡಿ ನಗುತ್ತಾನೆ, ಹಾಕಿದರೆ ಇನ್ನೂ ಜೋರಾಗಿ, ನೋಡ್ರಿ ಹಡದಪ್ಪನೇ ಕೊಂದಾನ ಅಂತ, ನಾನು ಅವನ ಗಂಟಲಿಗೆಂದು ಮಸೆದ ಕತ್ತಿಯ ಮೇಲೆ ಮನೆಯಲ್ಲಿರುವ ಅಪ್ಪನ ಕುತ್ತಿಗೆ. ಸಪ್ನಾ, ಸುಡಾಕ ಹಾಕವಾ ಡಿಸ್ಕ್, ಡ್ರೈವರ್ ಒದರಾಕತ್ತಾನ! ಸುಡುತ್ತೇನಣ್ಣಾ, ಎಲ್ಲವನ್ನೂ ಸುಡುತ್ತೇನೆ. ತುಣುಕಿನ ಕೊನೆಯ ಗೆರೆ ಹಿಡಿದು ಎಡಕ್ಕೆ ಸರಿಸಿದೆ, ಇಳಿಯುವ ಚಿತ್ರ ಹೋಯಿತು, ಇನ್ನೊಂದಿಷ್ಟು ಎಡಕ್ಕೆ, ಅಲ್ಲಿ, ಅಷ್ಟೇ. ಹೃದಯದೊಳಗೆ ಅಪ್ಪ ಸಾವ್ಕಾರನನ್ನು ನೋಡುತ್ತಾನೆ, ಬಡಿಗೆ ಏರುತ್ತದೆ, ಇಳಿಯುವುದಿಲ್ಲ, ಮೊದಲಿನಿಂದ, ಅಪ್ಪ ನೋಡುತ್ತಾನೆ, ಬಡಿಗೆ ಏರುತ್ತದೆ, ಸಂತೋಷನ ಎರಡು ಕೈಗಳೂ ಕೆಳಗೇ ಇವೆ, ಅಡ್ಡ ತಂದಿಲ್ಲ, ಹೊಡೆಯುವವನು ಅಪ್ಪ ಅಂತ ಧೈರ್ಯವಾಗಿ ತಲೆ ಬಗ್ಗಿಸಿದ್ದಾನೆ, ಬಡಿಗೆ ಏರುತ್ತದೆ, ತಲೆ ಬಗ್ಗಿಸಿದ್ದಾನೆ, ಬಡಿಗೆ ಏರುತ್ತದೆ, ತಲೆ ಬಗ್ಗಿಸಿದ್ದಾನೆ